ಕ್ಯಾಮೆಲ್‌ನ ಮೇಲಿನ ರೆಕ್ಕೆ ವಾಲಿದ್ದೇಕೆ?

ಪ್ರಶ್ನೆ: 1/48 ಅಳತೆಯ ಸಾಪ್‌ವಿತ್ ಕ್ಯಾಮೆಲ್ (ಮೊದಲ ಮಹಾಯುದ್ಧದ, ಮೇಲೊಂದು ಕೆಳಗೊಂದು ರೆಕ್ಕೆಯ ಬ್ರಿಟಿಷ್ ಯುದ್ಧವಿಮಾನ) ಮಾದರಿಯ ಕಿಟ್ ಜೋಡಿಸಿದೆ. ಮೇಲಿನ ರೆಕ್ಕೆ ಒಂದು ಕಡೆಗೆ ವಾಲಿದೆ, ರೆಕ್ಕೆಗಳ ನಡುವಿನ ತಂತಿಗಳ ಬದಲಿಗೆ ಕಟ್ಟಿದ ದಾರಗಳೂ ಜೋತುಬಿದ್ದಿವೆ. ಎಲ್ಲಿ ತಪ್ಪಾಯಿತು?

ಉತ್ತರ: ಮೇಲಿನ ರೆಕ್ಕೆಯನ್ನು ಹೊರುವ ಕಂಬಗಳನ್ನೆಲ್ಲ ಒಂದೇ ಸಲ ಅಂಟಿಸಿದ್ದೀರಿ ಅನಿಸುತ್ತದೆ. ಮೊದಲು ಕಾಕ್‌ಪಿಟ್ ಮುಂದಿನ ನಾಲ್ಕು ಗಿಡ್ಡ ಕಂಬಗಳ ಮೇಲಷ್ಟೇ ರೆಕ್ಕೆ ಕೂರಿಸಿ, ರಾತ್ರಿಯಿಡೀ ಒಣಗಲು ಬಿಡಿ. ಹೊರಗಿನ ಕಂಬಗಳು ಆಮೇಲೆ. ಎಡ, ಬಲ ತುದಿಗಳಲ್ಲಿ ರೆಕ್ಕೆಗಳ ನಡುವಿನ ಅಂತರ ಅಳೆಯಿರಿ. ಎರಡೂ ಒಂದೇ ಇರಬೇಕು. ಆದರೆ ನಡುಭಾಗಕ್ಕಿಂತ ಎರಡೂ ತುದಿಗಳಲ್ಲಿ ಅಂತರ ಕಿರಿದಾಗಿ ಕಂಡರೆ ತಿದ್ದಲು ಹೋಗಬೇಡಿ. 1917ರ ಅಸಲಿ ವಿಮಾನದಲ್ಲೇ ಮೇಲಿನ ರೆಕ್ಕೆ ಸಪಾಟು, ಕೆಳಗಿನದು ತುದಿಯತ್ತ ಮೇಲೇರುತ್ತದೆ.

ದಾರಕ್ಕೆ ಹಿಗ್ಗುವ ಎಲಾಸ್ಟಿಕ್ ನೂಲೇ ಒಳ್ಳೆಯದು. ಬಣ್ಣಕ್ಕೆ ಮೊದಲೇ 0.3 ಮಿ.ಮೀ. ತೂತು ಕೊರೆದಿಡಿ. ಸೂಪರ್ ಗ್ಲೂ ಸೂಜಿಮೊನೆಯಷ್ಟು ಸಾಕು. ಹೆಚ್ಚಾದರೆ ಆವಿ ಬಣ್ಣದ ಮೇಲೆ ಬೆಳ್ಳಗೆ ಕೂರುತ್ತದೆ.