ಉಗುರಿನ ಬಣ್ಣ ಒಣಗುವ ತನಕ ಸಹಿ ಹಾಕಬೇಡಿ

ವಯಸ್ಸು ಇಪ್ಪತ್ತೇಳು, ಎತ್ತರ ಐದಡಿ ಎರಡಂಗುಲ, ತುಂಬಿಕೊಂಡ ಮೈ, ಪಿನ್‌ಅಪ್ ಮಾಡೆಲ್ (ಹಳೆಯ ಕ್ಯಾಲೆಂಡರಿನ ಚೆಲುವೆಯರಂತೆ ಫೋಟೊಗೆ ನಿಲ್ಲುವವಳು) ಆಗುವ ಆಸೆ. ಯಾವ ಏಜೆನ್ಸಿ ಸೇರಲಿ, ಪೋರ್ಟ್‌ಫೋಲಿಯೊಗೆ (ಕೆಲಸ ಕೇಳುವಾಗ ತೋರಿಸುವ ಫೋಟೊಗಳ ಕಟ್ಟಿಗೆ) ಎಷ್ಟು ಹಣ ಸುರಿಯಲಿ ಎಂದು ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ನನ್ನ ತಲೆಯಲ್ಲಿ ಇದ್ದದ್ದೂ ಇದೇ ಪ್ರಶ್ನೆ, ಹೆಚ್ಚುಕಡಿಮೆ ಇದೇ ಅಳತೆ. ನೀವು ಕೇಳುತ್ತಿದ್ದೀರಿ, ನಾನು ಯಾರನ್ನೂ ಕೇಳಲಿಲ್ಲ.

ಆಗ ನಾನು ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಬೇರೆಯವರ ಬಿಲ್ಲಿನಲ್ಲಿ ಒಂದು ಸೊನ್ನೆ ಜಾರಿದ್ದರೂ ಹಿಡಿಯುವ ಕಣ್ಣು. (ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನಗುವುದಕ್ಕೆ ಬೇಕಾಗುತ್ತದೆ.) ಸಂಜೆ ಮನೆಗೆ ಬಂದರೆ ಕನ್ನಡಿಯ ಮುಂದೆ ಇನ್ನೊಂದು ಶಾಲೆ. ಒದ್ದೆ ಕೂದಲನ್ನು ಎಳೆ ಎಳೆಯಾಗಿ ಬೆರಳಿಗೆ ಸುತ್ತಿ, ತಲೆಗೆ ಒತ್ತಿ, ಎರಡು ಪಿನ್ನು ಅಡ್ಡಡ್ಡ ಸಿಕ್ಕಿಸಿ, ಮೇಲೊಂದು ಬಟ್ಟೆ ಕಟ್ಟಿ ಮಲಗುವುದು. ಬೆಳಿಗ್ಗೆ ಬಿಚ್ಚಿ ಬಾಚುವುದು. ಮೊದಲ ಎರಡು ವಾರ ತಲೆಯ ಮೇಲೆ ಬರೀ ಹಕ್ಕಿಗೂಡು. ಪೂರ್ತಿ ಒಣಗುವ ಮೊದಲೇ ಬಿಚ್ಚುತ್ತಿದ್ದೇನೆ ಎಂದು ಗೊತ್ತಾಗಲು ಮೂರನೆಯ ವಾರ ಬೇಕಾಯಿತು. ಒಣಗುವ ತನಕ ಕಾಯಲಾರದ ಆ ಗುಣವೇ ಮುಂದೆ ನನ್ನನ್ನು ಕೆಡಿಸಿತು. ಹಣೆಯ ಎರಡೂ ಬದಿಗೆ ಸುರುಳಿ ಎತ್ತಿ ನಿಲ್ಲಿಸುವ ವಿಕ್ಟರಿ ರೋಲ್ ಕೈಗೆ ಹತ್ತಿದ್ದು ಎರಡು ತಿಂಗಳ ಮೇಲೆ, ಬುಡದ ಕೂದಲನ್ನು ಹಿಮ್ಮುಖವಾಗಿ ಬಾಚಿ ಒಳಗೆ ಒತ್ತಾಸೆ ಮಾಡಬೇಕೆಂದು ಕಲಿತ ನಂತರ.

ನಿಲ್ಲುವ ಭಂಗಿಯನ್ನು ಅಮೆರಿಕದ ಚಿತ್ರಕಾರ ಗಿಲ್ ಎಲ್ವ್‌ಗ್ರೆನ್ ಬರೆದ ಕ್ಯಾಲೆಂಡರ್ ಹುಡುಗಿಯರಿಂದ ಕಲಿತೆ. ಆತ ಮಾಡೆಲ್‌ಗಳ ಫೋಟೊ ತೆಗೆದು, ಅದನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದ. ಬರೆಯುವಾಗ ಕಾಲುಗಳನ್ನು ಧಾರಾಳವಾಗಿ ಉದ್ದ ಮಾಡುತ್ತಿದ್ದ. ನಮ್ಮ ಕಾಲನ್ನು ಎಳೆದು ಉದ್ದ ಮಾಡುವವರು ಯಾರೂ ಇಲ್ಲ, ಹಾಗಾಗಿ ಕ್ಯಾಮೆರಾವನ್ನೇ ಸೊಂಟದಿಂದ ಕೆಳಕ್ಕೆ ಇಳಿಸಬೇಕು. ಭಾರ ಹಿಂದಿನ ಕಾಲಿನ ಮೇಲೆ, ಮುಂದಿನ ಮಂಡಿ ತುಸು ಮಡಿಸಿ, ಕಾಲ್ಬೆರಳ ತುದಿ ಮಾತ್ರ ನೆಲಕ್ಕೆ, ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ. ನೋಡುವವರಿಗೆ ಹೂವಿನಷ್ಟು ಹಗುರ; ನಿಂತವರಿಗೆ ಮೂರನೆಯ ನಿಮಿಷಕ್ಕೆ ಮೀನಖಂಡ ಗಂಟು ಕಟ್ಟುತ್ತದೆ. ಆ ನೋವಿನಲ್ಲೇ ‘ಅಯ್ಯೋ, ಲಂಗ ಸಿಕ್ಕಿಕೊಂಡಿತಲ್ಲ’ ಎಂಬ ಚೆಲುವಾದ ಗಾಬರಿ ಮುಖಕ್ಕೆ ಬರಬೇಕು.

ಇಷ್ಟಾದ ಮೇಲೆ ಪರಿಚಿತರ ಕಡೆಯಿಂದ ಒಬ್ಬ ಫೋಟೊಗ್ರಾಫರ್ ಸಿಕ್ಕರು. ಅವರು ಕೂಲಿ ಕೊಡುವುದಿಲ್ಲ, ನಾನು ಶುಲ್ಕ ಕೊಡುವುದಿಲ್ಲ, ಚಿತ್ರಗಳು ಇಬ್ಬರಿಗೂ ಎಂದು ಮಾತಾಯಿತು. ಇದರಲ್ಲಿ ತಪ್ಪಿಲ್ಲ, ಬಹಳ ಜನ ಶುರು ಮಾಡುವುದೇ ಹೀಗೆ. ತಪ್ಪಾದದ್ದು ಉಗುರಿನಲ್ಲಿ.

ಹಿಂಬದಿಯಲ್ಲಿ ಹೊಲಿಗೆಯ ಗೆರೆ ಇರುವ ಕಾಲುಚೀಲವನ್ನು ಎಳೆದೆಳೆದು ನೇರ ಮಾಡುವಾಗ ಉಗುರಿನ ಕೆಂಪು ಕಿತ್ತುಬಂದಿತ್ತು. ಸ್ಟುಡಿಯೊದಲ್ಲೇ ಇನ್ನೊಂದು ಸಲ ಹಚ್ಚಿಕೊಂಡೆ. ಹತ್ತೂ ಬೆರಳು ಗಾಳಿಯಲ್ಲಿ ಚಾಚಿ ಕೂತಿದ್ದಾಗ ಸಹಾಯಕ ಹುಡುಗ ರಟ್ಟಿಗೆ ಸಿಕ್ಕಿಸಿದ ಎರಡು ಹಾಳೆ ತಂದ. “ಮಾಡೆಲ್ ರಿಲೀಸ್ ಮೇಡಂ, ಮಾಮೂಲಿ ಕಾಗದ.” ಅಂದರೆ ನನ್ನ ಚಿತ್ರ ಬಳಸಲು ನಾನು ಕೊಡುವ ಒಪ್ಪಿಗೆ. ಮೊದಲ ಹಾಳೆಯನ್ನು ಓದಿದೆ. ಹೆಸರು, ದಿನಾಂಕ, ನಾನು ವಯಸ್ಕಳು, ಫೋಟೊಗ್ರಾಫರ್ ತಮ್ಮ ಕೆಲಸದ ಮಾದರಿಯಾಗಿ ಚಿತ್ರ ತೋರಿಸಬಹುದು. ಸರಿ. ಎರಡನೆಯದನ್ನು ನೋಡಬೇಕಾದರೆ ಪುಟ ಎತ್ತಬೇಕು, ಎತ್ತಿದರೆ ಬಣ್ಣ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ಪಾಪ, ಹುಡುಗನೇ ಮೊದಲ ಹಾಳೆಯ ಕೆಳಗಿನ ಮೂಲೆಯನ್ನು ಮಡಿಸಿ ಹಿಡಿದ. ಸಹಿಯ ಗೆರೆ ಕಾಣಿಸುವಷ್ಟು, ಅಷ್ಟೇ. ಪೆನ್ನನ್ನು ಎರಡು ಬೆರಳ ನಡುವೆ ಸತ್ತ ಹಲ್ಲಿಯನ್ನು ಹಿಡಿಯುವಂತೆ ಹಿಡಿದು ಸಹಿ ಹಾಕಿದೆ.

ಹತ್ತು ನಿಮಿಷ ಕಾಯಬಹುದಿತ್ತು. ಪುಟ ತಿರುಗಿಸಿ ಹಿಡಿಯಪ್ಪ ಎನ್ನಬಹುದಿತ್ತು. ಓದಿ ಹೇಳು ಎನ್ನಬಹುದಿತ್ತು. ಹಿಂದಿನ ದಿನವೇ ಕಾಗದ ಕಳಿಸಿ ಎಂದು ಕೇಳಬಹುದಿತ್ತು. ಶೂಟ್ ಮುಗಿದ ಮೇಲೆ ಹಾಕುತ್ತೇನೆ ಎನ್ನಬಹುದಿತ್ತು. ಕೊನೆಗೆ ಎರಡೂ ಹಾಳೆಯ ಫೋಟೊವನ್ನಾದರೂ ಮೊಬೈಲಿನಲ್ಲಿ ತೆಗೆಸಿಕೊಳ್ಳಬಹುದಿತ್ತು. ವರ್ಷಗಟ್ಟಲೆ ನಾನು ಉಗುರನ್ನೇ ದೂರಿದೆ. ನಿಜ ಹೇಳಬೇಕೆಂದರೆ, ಕೂತು ಓದಿದರೆ ಅನುಮಾನದವಳು ಎಂದುಕೊಂಡಾರು, ಹೊಸಬಳೆಂದು ಗೊತ್ತಾದೀತು ಎಂಬ ನಾಚಿಕೆ. ಬಣ್ಣ ಒಂದು ನೆಪ.

ಎರಡನೆಯ ಹಾಳೆಯಲ್ಲಿ ಇದ್ದದ್ದು: ಯಾವುದೇ ಉದ್ದೇಶಕ್ಕೆ, ಯಾವುದೇ ಮಾಧ್ಯಮದಲ್ಲಿ, ಕಾಲಮಿತಿಯಿಲ್ಲದೆ, ಬೇಕಾದಂತೆ ತಿದ್ದಿ, ಬೇಕಾದವರಿಗೆ ಮಾರುವ ಹಕ್ಕು. ಎಂಟು ತಿಂಗಳ ನಂತರ ಸಹೋದ್ಯೋಗಿಯೊಬ್ಬಳು ಮೊಬೈಲ್ ಚಾಚಿ “ಇದು ನೀನಲ್ಲವೇ?” ಎಂದಳು. ತೂಕ ಇಳಿಸುವ ಪುಡಿಯ ಜಾಹೀರಾತು. ಏಣಿಯ ಮೇಲೆ ನಿಂತು ಭುಜದ ಮೇಲಿಂದ ತಿರುಗಿ ನೋಡುವ ನನ್ನ ಚಿತ್ರ, ಸೊಂಟವನ್ನು ಒಂದು ಗೇಣು ಅಗಲ ಮಾಡಿದ್ದರು. ಕೆಳಗೆ ‘ಮೊದಲು’ ಎಂದು ಬರೆದಿತ್ತು. ‘ನಂತರ’ ಎಂಬಲ್ಲಿ ಇನ್ಯಾರೋ ಹೆಂಗಸು.

ಅದಕ್ಕಿಂತ ಹೆಚ್ಚು ಸುಟ್ಟದ್ದು ಇನ್ನೊಂದು. ಕ್ಯಾಲೆಂಡರ್ ಮಾಡುವವರೊಬ್ಬರು ಅದೇ ಏಣಿಯ ಚಿತ್ರವನ್ನು ಮೆಚ್ಚಿ, ಇದು ಬೇರೆಲ್ಲೂ ಬಳಕೆಯಾಗುವುದಿಲ್ಲ ಎಂದು ಬರೆದುಕೊಡಿ ಎಂದರು. ಏನೆಂದು ಬರೆದುಕೊಡಲಿ? ಆ ತಿಂಗಳ ಪುಟ ಬೇರೆಯವರ ಪಾಲಾಯಿತು. ಫೋಟೊಗ್ರಾಫರ್ ಮರ್ಯಾದೆಯಿಂದಲೇ ಉತ್ತರಿಸಿದರು: ಯಾರು ಬೇಕಾದರೂ ದುಡ್ಡು ಕೊಟ್ಟು ಚಿತ್ರ ಬಳಸುವ ಸ್ಟಾಕ್ ಚಿತ್ರಗಳ ತಾಣಕ್ಕೆ ಮಾರಿಯಾಗಿದೆ, ಇನ್ನು ತನ್ನ ಕೈಯಲ್ಲಿ ಇಲ್ಲ. ಜೊತೆಗೆ ಎರಡನೆಯ ಹಾಳೆಯ ಚಿತ್ರವನ್ನು ಕಳಿಸಿದ್ದರು. ನಾನು ಅದನ್ನು ಓದಿದ್ದು ಆವಾಗಲೇ. ಮೋಸ ಎನ್ನಲು ಬಾಯಿ ಬರಲಿಲ್ಲ, ಕೆಳಗೆ ನನ್ನದೇ ಸಹಿ.

ನನಗಿಂತ ದೊಡ್ಡವರೂ ಹೀಗೆ ಕಳೆದುಕೊಂಡಿದ್ದಾರೆ. 1949ರಲ್ಲಿ ಟಾಮ್ ಕೆಲ್ಲಿ ಎಂಬ ಫೋಟೊಗ್ರಾಫರ್ ಕೆಂಪು ಬಟ್ಟೆಯ ಮೇಲೆ ನಟಿ ಮರ್ಲಿನ್ ಮನ್ರೋ ಚಿತ್ರ ತೆಗೆದಾಗ ಆಕೆಗೆ ಸಿಕ್ಕಿದ್ದು 50 ಡಾಲರ್. 1953ರಲ್ಲಿ ಹ್ಯೂ ಹೆಫ್ನರ್ 500 ಡಾಲರ್ ಕೊಟ್ಟು ಅದನ್ನು ಕ್ಯಾಲೆಂಡರ್ ಸಂಸ್ಥೆಯಿಂದ ಕೊಂಡು ತನ್ನ ‘ಪ್ಲೇಬಾಯ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಹಾಕಿದ, ಆಕೆಗೆ ಅದರಲ್ಲಿ ಬಿಡಿಗಾಸೂ ಬರಲಿಲ್ಲ. ಚಿತ್ರಕಾರ ಆಲ್ಬರ್ಟೊ ವರ್ಗಾಸ್‌ನದು ಇನ್ನೂ ವಿಚಿತ್ರ. ‘ಎಸ್ಕ್ವೈರ್’ ಪತ್ರಿಕೆ ಅವನ ಹೆಸರಿನ ಕೊನೆಯ ಅಕ್ಷರ ಕತ್ತರಿಸಿ ‘ವರ್ಗಾ ಗರ್ಲ್’ ಎಂದು ಮೆರೆಸಿತು. ಅವನು ಮುನಿಸಿಕೊಂಡು ಹೊರಬಂದು ನ್ಯಾಯಾಲಯದಲ್ಲಿ ಸೋತಾಗ ಆ ಹೆಸರೂ ಪತ್ರಿಕೆಯದೇ ಆಯಿತು. ನನ್ನದು ಸೊಂಟ ಮಾತ್ರ ಹೋಯಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಏಜೆನ್ಸಿ ಯಾವುದು ಎಂದು ಕೇಳುವುದೇ ತಪ್ಪು ಕಡೆಯಿಂದ ಶುರು ಮಾಡಿದಂತೆ. ಫ್ಯಾಷನ್ ಏಜೆನ್ಸಿಗಳಿಗೆ ಎತ್ತರ ಬೇಕು, ಮಾದರಿ ಉಡುಪಿಗೆ ಹೊಂದುವ ಮೈ ಬೇಕು. ಪಿನ್‌ಅಪ್‌ಗೆ ಬೇಕಾದದ್ದು ಮುಖದಲ್ಲಿ ಒಂದು ಪುಟ್ಟ ಕಥೆ, ಗಟ್ಟಿ ಮೀನಖಂಡ. ಕೆಲಸ ಬರುವುದು ಹಳೆಯ ಶೈಲಿಯ ಉಡುಪು ಮಾರುವವರಿಂದ, ಕ್ಯಾಲೆಂಡರಿನವರಿಂದ, ಚಿತ್ರಕಾರರಿಂದ. ಸೇರುವುದಕ್ಕೆ ಶುಲ್ಕ ಕೇಳುವ ಏಜೆನ್ಸಿಯಾದರೆ ತಿರುಗಿಯೂ ನೋಡಬೇಡಿ. ನಿಜವಾದದ್ದು ನಿಮ್ಮ ದುಡಿಮೆಯಲ್ಲಿ ಪಾಲು ತೆಗೆದುಕೊಳ್ಳುತ್ತದೆ, ಮುಂಗಡ ಕೇಳುವುದಿಲ್ಲ. ಪೋರ್ಟ್‌ಫೋಲಿಯೊಗೆ ಹಣ ಸುರಿಯುವ ಬದಲು ಒಂದು ಆಳೆತ್ತರದ ಕನ್ನಡಿ ತನ್ನಿ. ಜೋಯಿ ಮೋಜರ್ಟ್ ಕನ್ನಡಿಯಲ್ಲಿ ತನ್ನನ್ನೇ ನೋಡಿ ಪಿನ್‌ಅಪ್ ಚಿತ್ರ ಬರೆದವಳು. ಬನ್ನಿ ಯೇಗರ್ ಮಾಡೆಲ್ ಆಗಿದ್ದವಳು ಫೋಟೊಗ್ರಾಫರ್ ಆಗಿ ತನ್ನ ಚಿತ್ರವನ್ನು ತಾನೇ ತೆಗೆದುಕೊಂಡವಳು. ಹೆಸರಾಂತ ಪಿನ್‌ಅಪ್ ಮಾಡೆಲ್ ಬೆಟ್ಟಿ ಪೇಜ್ ಎಷ್ಟೋ ಉಡುಪುಗಳನ್ನು ತಾನೇ ಹೊಲಿದುಕೊಂಡವಳು. ಮೊಬೈಲಿನ ಟೈಮರ್ ಇಟ್ಟು ಮೂರು ತಿಂಗಳು ನಿಮ್ಮನ್ನು ನೀವೇ ತೆಗೆಯಿರಿ. ಆರು ಒಳ್ಳೆಯ ಚಿತ್ರವಾದರೆ ಸಾಕು, ಅರವತ್ತು ಬೇಡ.

ಮೈಮೇಲೆ ಎಷ್ಟು ಬಟ್ಟೆ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ ಹೊರಡಿ, ದೀಪದ ಕೆಳಗೆ ನಿಂತಲ್ಲ. ಜೊತೆಗೆ ಒಬ್ಬರನ್ನು ಕರೆದೊಯ್ಯಿರಿ. ಬೇಡ ಎನ್ನುವ ಫೋಟೊಗ್ರಾಫರ್ ನಿಮಗೂ ಬೇಡ.

ಈಗ ನಾನೇ ಒಂದು ಹಾಳೆ ಒಯ್ಯುತ್ತೇನೆ. ಎಲ್ಲಿ ಬಳಸಬಹುದು, ಎಷ್ಟು ವರ್ಷ, ಮೈಯ ಆಕಾರ ತಿದ್ದಬಾರದು, ಬೇರೆಯವರಿಗೆ ಮಾರುವ ಮೊದಲು ನನ್ನನ್ನು ಕೇಳಬೇಕು. ಒಂದೇ ಮಗ್ಗುಲು, ಹಿಂದೆ ಖಾಲಿ. ಹೋದ ವರ್ಷ ಒಬ್ಬರು ಅದನ್ನು ನೋಡಿ ನಕ್ಕು, ನಮ್ಮಲ್ಲಿ ಇಂಥದ್ದೆಲ್ಲ ನಡೆಯುವುದಿಲ್ಲ ಎಂದರು. ಸರಿ ಎಂದು ಪೆಟ್ಟಿಗೆ ಎತ್ತಿಕೊಂಡು ಬಂದೆ. ಅವತ್ತಿನ ವಿಕ್ಟರಿ ರೋಲ್ ಜನ್ಮದಲ್ಲೇ ಅಷ್ಟು ಚೆನ್ನಾಗಿ ಕೂತಿರಲಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನ ಮಗುವೊಂದು ಅದರೊಳಗೆ ಬೆರಳು ತೂರಿಸಿ, ಆಚೆ ಬದಿಯಿಂದ ಬರುತ್ತದೆಯೇ ಎಂದು ಬಗ್ಗಿ ನೋಡಿತು.