ಸಿಗ್ನಲ್ ಫುಲ್ ಇದೆ, ಐಪಿ ಅಡ್ರೆಸ್ ಮಾತ್ರ ಬರ್ತಿಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಮೂರರ ಬೇರು ಒಂದೇ. ವೈಫೈ ಕನೆಕ್ಟ್ ಆಗುತ್ತದೆ, ಸಿಗ್ನಲ್ ಕಡ್ಡಿಗಳೆಲ್ಲ ತುಂಬಿರುತ್ತವೆ, ಆದರೆ ಸರಿಯಾದ ಐಪಿ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಸಾಧನದ ನಂಬರ್) ಸಿಗುವುದಿಲ್ಲ. ಎರಡು ಕಟ್ಟಡಗಳನ್ನೋ ಎರಡು ಮಹಡಿಗಳನ್ನೋ ಬ್ರಿಡ್ಜ್ ಮಾಡಿ, ಅಂದರೆ ಒಂದೇ ನೆಟ್‌ವರ್ಕ್ ಆಗುವಂತೆ, ಜೋಡಿಸಿದ ಕಡೆ ಈ ತೊಂದರೆ ಜಾಸ್ತಿ. ಹೊಸ ಸಾಮಾನಿಗೆ ದುಡ್ಡು ಹಾಕುವ ಮೊದಲು ದಯವಿಟ್ಟು ಇದನ್ನು ಓದಿ.

ಪ್ರಶ್ನೆ: ನಾನು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ. ಮನೆಗೆ ಫೈಬರ್ ನೆಟ್ ಇದೆ. ಮನೂಕ (ಒಣದ್ರಾಕ್ಷಿ) ಶೆಡ್ ಮನೆಯಿಂದ ಸುಮಾರು 200 ಮೀಟರ್ ದೂರ. ಮಾಳಿಗೆ ಮೇಲೆ ಒಂದು, ಶೆಡ್‌ನ ಕಂಬಕ್ಕೆ ಒಂದು ವೈರ್‌ಲೆಸ್ ರೇಡಿಯೊ ಹಾಕಿಸಿದ್ದೇನೆ. ಒಂದು ಹಳೆಯದು, ಇನ್ನೊಂದು ಬೇರೆ ಕಂಪನಿಯದು. ಶೆಡ್‌ನ ರೇಡಿಯೊಗೆ ಮನೆ ರೂಟರ್‌ನಿಂದ ಐಪಿ ಬರುತ್ತದೆ, ಮನೆಯಲ್ಲಿ ಕೂತೇ ಅದರ ಸೆಟ್ಟಿಂಗ್ ಪೇಜ್ ತೆಗೆಯಬಹುದು. ಆದರೆ ಅದರ ಹಿಂದಿನ ಸ್ವಿಚ್‌ಗೆ ಹಾಕಿದ ಕ್ಯಾಮೆರಾಕ್ಕೂ ಲ್ಯಾಪ್‌ಟಾಪ್‌ಗೂ ಐಪಿ ಬರುವುದಿಲ್ಲ. ಲ್ಯಾಪ್‌ಟಾಪ್ 169.254 ಅಂತ ಶುರುವಾಗುವ ನಂಬರ್ ತೋರಿಸುತ್ತದೆ. ಹಾಕಿದವರು "ರೇಡಿಯೊ ಹೋಗೈತ್ರಿ, ಬದಲಿ ಮಾಡ್ರಿ" ಅಂತಾರೆ. ಬದಲಿಸಬೇಕಾ ಸರ್?

ಉತ್ತರ: ಈಗಲೇ ಬದಲಿಸಬೇಡಿ. ಅರ್ಧ ಉತ್ತರವನ್ನು ನೀವೇ ಬರೆದಿದ್ದೀರಿ. ರೇಡಿಯೊಗೆ ಐಪಿ ಬರುತ್ತದೆ, ಅದರ ಹಿಂದಿರುವವಕ್ಕೆ ಬರುವುದಿಲ್ಲ. ಕೆಟ್ಟ ರೇಡಿಯೊ ಹೀಗೆ ಆಯ್ದು ಆಯ್ದು ಕೆಡುವುದಿಲ್ಲ. ಇದು ಬ್ರಿಡ್ಜ್ ಮಾಡಿದ ರೀತಿಯ ತೊಂದರೆ.

ಮೊದಲು ಆ 169.254 ನಂಬರ್ ಬಗ್ಗೆ. ಅದನ್ನು ರೂಟರ್ ಕೊಟ್ಟಿಲ್ಲ. ಕೇಳಿ ಕೇಳಿ ಯಾರೂ ಉತ್ತರ ಕೊಡದಿದ್ದಾಗ ಲ್ಯಾಪ್‌ಟಾಪ್ ತಾನೇ ಹಾಕಿಕೊಂಡ ನಂಬರ್ ಅದು. ಅದು ಕಂಡರೆ "ನಾನು ಕೇಳಿದೆ, ಉತ್ತರ ಬರಲಿಲ್ಲ" ಎಂದು ಓದಿಕೊಳ್ಳಿ.

ಕೇಳುವ ಕ್ರಮ ಹೀಗಿದೆ. ನೆಟ್‌ವರ್ಕ್‌ಗೆ ಹೊಸದಾಗಿ ಬಂದ ಸಾಧನ "ಅಡ್ರೆಸ್ ಕೊಡೋರು ಯಾರಿದ್ದೀರಿ?" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಇದು ಡಿಸ್ಕವರ್. ರೂಟರ್ ಒಳಗೆ ಅಡ್ರೆಸ್ ಹಂಚುವ ಡಿಎಚ್‌ಸಿಪಿ ಸರ್ವರ್ "ಇಗೋ, ಈ ನಂಬರ್ ಖಾಲಿ ಇದೆ" ಎನ್ನುತ್ತದೆ. ಇದು ಆಫರ್. ಸಾಧನ "ಹಾಗಾದರೆ ಅದನ್ನೇ ಕೊಡಿ" ಎಂದು ರಿಕ್ವೆಸ್ಟ್ ಕಳಿಸುತ್ತದೆ, ಸರ್ವರ್ "ಆಯ್ತು, ನಿನ್ನದೇ" ಎಂದು ಅಕ್ ಕಳಿಸುತ್ತದೆ. ಸರ್ವರ್ ಕೇಳಿಸಿಕೊಳ್ಳುವುದು ಯುಡಿಪಿ ಪೋರ್ಟ್ 67ರಲ್ಲಿ, ಸಾಧನ 68ರಲ್ಲಿ. 1997ರಲ್ಲಿ ಬರೆದಿಟ್ಟ ಈ ನಿಯಮವೇ ಇವತ್ತೂ ನಡೆಯುತ್ತಿದೆ. ನಾಲ್ಕು ಮಾತಿನಲ್ಲಿ ಯಾವುದು ದಾರಿಯಲ್ಲಿ ಬಿತ್ತು ಅಂತ ಹುಡುಕಿದರೆ ರೋಗ ಸಿಕ್ಕಿತು.

ನಿಮ್ಮಲ್ಲಿ ಬೀಳುತ್ತಿರುವುದು ಎರಡನೆಯ ಮಾತು, ಆಫರ್. ಯಾಕೆ ಅಂತ ಹೇಳುತ್ತೇನೆ.

ಕೇಬಲ್ ಮೇಲೆ ಹೋಗುವ ಪ್ಯಾಕೆಟ್‌ಗೂ (ಡೇಟಾದ ತುಂಡು) ವೈಫೈ ಮೇಲೆ ಹೋಗುವ ಪ್ಯಾಕೆಟ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಮಾಮೂಲಿ ವೈಫೈ ಪ್ಯಾಕೆಟ್‌ನ ಮೇಲೆ ಮೂರು ಮ್ಯಾಕ್ ಅಡ್ರೆಸ್‌ಗೆ (ಪ್ರತಿ ಸಾಧನದ ಗುರುತಿನ ನಂಬರ್) ಮಾತ್ರ ಜಾಗ. ಶೆಡ್‌ನಿಂದ ಹೊರಡುವಾಗ ಒಂದು ಮಾಳಿಗೆ ರೇಡಿಯೊದ್ದು, ಒಂದು ಶೆಡ್ ರೇಡಿಯೊದ್ದು, ಒಂದು ಕೊನೆಗೆ ಮುಟ್ಟಬೇಕಾದವರದ್ದು. ಅದರಾಚೆ ನಿಂತ ಕ್ಯಾಮೆರಾದ ಹೆಸರು ಬರೆಯಲು ಜಾಗವೇ ಇಲ್ಲ. ಹಾಗಾಗಿ ಶೆಡ್‌ನ ರೇಡಿಯೊ ಕ್ಯಾಮೆರಾದ ಮ್ಯಾಕ್ ಅಳಿಸಿ ತನ್ನದನ್ನೇ ಬರೆದು ಕಳಿಸುತ್ತದೆ. ನಮ್ಮ ಕಡೆಯ ಹಳೇ ವಾಡೆ ನೆನಪಿಸಿಕೊಳ್ಳಿ. ಒಳಗೆ ನಾಲ್ಕು ಸಂಸಾರ, ಅಂಚೆಯವನಿಗೆ ಗೊತ್ತಿರುವುದು ಹಿರಿಯರ ಹೆಸರೊಂದೇ. ಒಳಗಿನವರ ಕಾಗದ ಹಿರಿಯರ ಹೆಸರಲ್ಲಿ ಬಂದರೆ ಮುಟ್ಟುತ್ತದೆ. ಕಿರಿ ಸೊಸೆಯ ಹೆಸರಲ್ಲಿ ಬಂದರೆ "ಇಂಥವರು ಇಲ್ಲಿಲ್ಲ" ಅಂತ ವಾಪಸ್.

ಡಿಎಚ್‌ಸಿಪಿಯಲ್ಲಿ ಆಗುವುದು ಇದೇ. ಲಕೋಟೆಯ ಮೇಲೆ ರೇಡಿಯೊದ ಹೆಸರಿದ್ದರೂ ಒಳಗಿನ ಅರ್ಜಿಯಲ್ಲಿ ಕ್ಯಾಮೆರಾದ್ದೇ ಮ್ಯಾಕ್ ಇರುತ್ತದೆ. ಸರ್ವರ್ ನೋಡುವುದು ಒಳಗಿನ ಅರ್ಜಿಯನ್ನು. ಆಫರ್ ಅನ್ನು ನೇರ ಕ್ಯಾಮೆರಾದ ಹೆಸರಿಗೆ ಕಳಿಸುತ್ತದೆ. ಮಾಳಿಗೆ ರೇಡಿಯೊ ತನ್ನ ಪಟ್ಟಿ ನೋಡುತ್ತದೆ, ಆ ಹೆಸರು ಅದರಲ್ಲಿಲ್ಲ, ಪ್ಯಾಕೆಟ್ ಬಿಸಾಡುತ್ತದೆ. ಕೆಲವು ಸಾಧನಗಳು "ಉತ್ತರವನ್ನೂ ಎಲ್ಲರಿಗೂ ಕೇಳುವಂತೆ ಕೂಗಿ" ಎಂದು ಅರ್ಜಿಯಲ್ಲೇ ಗುರುತು ಹಾಕಿರುತ್ತವೆ. ಅವಕ್ಕೆ ಅಡ್ರೆಸ್ ಸಿಕ್ಕಿಬಿಡುತ್ತದೆ. ಒಂದೇ ಸ್ವಿಚ್‌ನಲ್ಲಿ ಒಂದು ಸಾಧನ ನಡೆದು ಇನ್ನೊಂದು ನಡೆಯದೇ ಇರುವುದು ಇದಕ್ಕೇ.

ಇಂಡಿ ರಸ್ತೆಯ ಒಂದು ತೋಟದಲ್ಲಿ ನಾನು ಇದನ್ನು ಕಣ್ಣಾರೆ ಕಂಡೆ. ಅರ್ಧ ದಿನ ಕಂಬ ಹತ್ತಿ ಇಳಿದು, ಕೇಬಲ್ ತುದಿಗಳನ್ನೆಲ್ಲ ಹೊಸದಾಗಿ ಕ್ರಿಂಪ್ ಮಾಡಿ ಮುಗಿಸಿದ್ದೆ. ಕೊನೆಗೆ ಶೆಡ್‌ನಲ್ಲಿ ದ್ರಾಕ್ಷಿ ಕ್ರೇಟ್ ಬೋರಲು ಹಾಕಿ ಅದರ ಮೇಲೆ ಒಂದು ಲ್ಯಾಪ್‌ಟಾಪ್ ಇಟ್ಟು, ಹೋಗಿ ಬರುವ ಪ್ಯಾಕೆಟ್ ತೋರಿಸುವ ವೈರ್‌ಶಾರ್ಕ್ ಹಚ್ಚಿದೆ. ಮನೆಯಲ್ಲಿ ರೂಟರ್ ಪಕ್ಕ ಇನ್ನೊಂದರಲ್ಲಿ ಅವರ ಮಗ ನೋಡುತ್ತಿದ್ದ. ನನ್ನ ಪರದೆಯಲ್ಲಿ ಡಿಸ್ಕವರ್. ಸುಮಾರು ನಾಲ್ಕು ಸೆಕೆಂಡ್ ಬಿಟ್ಟು ಮತ್ತೆ ಡಿಸ್ಕವರ್. ಎಂಟು ಸೆಕೆಂಡ್ ಬಿಟ್ಟು ಮತ್ತೆ, ಹದಿನಾರು ಬಿಟ್ಟು ಮತ್ತೆ. ಬೇರೇನೂ ಇಲ್ಲ. ಫೋನ್‌ನಲ್ಲಿ ಆ ಹುಡುಗ ಹೇಳಿದ, "ಇಲ್ಲಿ ಡಿಸ್ಕವರ್, ಆಫರ್, ಡಿಸ್ಕವರ್, ಆಫರ್ ಅಂತ ಜೋಡಿ ಜೋಡಿ ಬರಾಕತ್ತಾವ್ರಿ ಸರ್." ಕೂಗು ಹೋಗುತ್ತಿತ್ತು, ಉತ್ತರ ಮಾಳಿಗೆ ಮೇಲೆ ಸಾಯುತ್ತಿತ್ತು. ಆ ಮೇಲೆ ಬದಲಿಸಿದ್ದು ಸೆಟ್ಟಿಂಗ್ ಮಾತ್ರ.

ನೀವು ಅಷ್ಟೆಲ್ಲ ಮಾಡಬೇಕಿಲ್ಲ. ಲ್ಯಾಪ್‌ಟಾಪ್‌ಗೆ ಕೈಯಿಂದ ಐಪಿ ಹಾಕಿ. ರೂಟರ್ 192.168.1.1 ಆಗಿದ್ದರೆ ಲ್ಯಾಪ್‌ಟಾಪ್‌ಗೆ 192.168.1.240, ಮಾಸ್ಕ್ 255.255.255.0, ಗೇಟ್‌ವೇ (ನೆಟ್‌ಗೆ ಹೋಗುವ ಬಾಗಿಲು) 192.168.1.1 ಕೊಟ್ಟು ರೂಟರ್‌ಗೆ ಪಿಂಗ್ ಮಾಡಿ, ಅಂದರೆ "ಇದ್ದೀಯಾ?" ಎಂದು ಕೇಳಿ. ಉತ್ತರ ಬಂದರೆ ದಾರಿ ಸರಿ ಇದೆ, ಅಡ್ರೆಸ್ ಹಂಚುವುದು ಮಾತ್ರ ನಿಂತಿದೆ. ಉತ್ತರ ಬರದಿದ್ದರೆ ಸ್ವಿಚ್, ಕೇಬಲ್, ರೇಡಿಯೊ ಮೋಡ್ ಕಡೆ ನೋಡಬೇಕು. ನನ್ನ ಅಂದಾಜಿನಲ್ಲಿ ನಿಮಗೆ ಉತ್ತರ ಬರುತ್ತದೆ.

ಈಗ ಪರಿಹಾರ. ಎರಡೂ ರೇಡಿಯೊಗಳಲ್ಲಿ ಡಬ್ಲ್ಯುಡಿಎಸ್ ಅಥವಾ ಟ್ರಾನ್ಸ್‌ಪರೆಂಟ್ ಬ್ರಿಡ್ಜ್ ಎಂಬ ಆಯ್ಕೆ ಇದೆಯಾ ನೋಡಿ. ಅದನ್ನು ಹಾಕಿದರೆ ಪ್ಯಾಕೆಟ್ ಮೇಲೆ ನಾಲ್ಕನೇ ಅಡ್ರೆಸ್‌ಗೂ ಜಾಗ ಸಿಗುತ್ತದೆ, ಕ್ಯಾಮೆರಾದ ಹೆಸರು ಅಳಿಯದೆ ಮನೆತನಕ ಬರುತ್ತದೆ. ಎರಡೂ ಕಡೆ ಹಾಕಲೇಬೇಕು. ಮೊದಲು ದೂರದ್ದು, ಅಂದರೆ ಶೆಡ್‌ನದ್ದು, ಆಮೇಲೆ ಮಾಳಿಗೆಯದ್ದು. ಹತ್ತಿರದ್ದನ್ನು ಮೊದಲು ಬದಲಿಸಿದರೆ ಲಿಂಕ್ ಕಡಿದು, ದೂರದ್ದನ್ನು ಬದಲಿಸಲು ಕಂಬದ ಬುಡಕ್ಕೇ ಹೋಗಬೇಕಾಗುತ್ತದೆ.

ಒಂದು ತೊಡಕು ಇದೆ. ಡಬ್ಲ್ಯುಡಿಎಸ್ ಅನ್ನು ಒಂದೊಂದು ಕಂಪನಿ ಒಂದೊಂದು ರೀತಿ ಮಾಡಿದೆ. ಬೇರೆ ಬೇರೆ ಕಂಪನಿಯ ರೇಡಿಯೊಗಳು ಈ ಮೋಡ್‌ನಲ್ಲಿ ಮಾತಾಡದೇ ಇರಬಹುದು. ಆಗ ಶೆಡ್‌ನ ರೇಡಿಯೊವನ್ನು ಬ್ರಿಡ್ಜ್ ಬಿಟ್ಟು ರೂಟರ್ ಮೋಡ್‌ಗೆ ಹಾಕಿ. ಅದು ಶೆಡ್‌ಗೆ ಬೇರೆ ಸಾಲಿನ ಅಡ್ರೆಸ್, ಅಂದರೆ 192.168.5 ಅಂತ ಶುರುವಾಗುವುದನ್ನು, ತಾನೇ ಹಂಚುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಇಂಟರ್‌ನೆಟ್ ಮೂಲಕ ಕ್ಯಾಮೆರಾ ನೋಡುವವರಿಗೆ ಇದರಿಂದ ಏನೂ ತೊಂದರೆ ಇಲ್ಲ. ರೆಕಾರ್ಡರ್ ಮನೆಯಲ್ಲಿದ್ದರೆ ಮಾತ್ರ ಪೋರ್ಟ್ ಫಾರ್ವರ್ಡ್ (ಹೊರಗಿನ ಕರೆಯನ್ನು ಒಳಗಿನ ಕ್ಯಾಮೆರಾಕ್ಕೆ ದಾಟಿಸುವ ಸೆಟ್ಟಿಂಗ್) ಮಾಡಬೇಕಾಗುತ್ತದೆ, ಸ್ವಲ್ಪ ಕಿರಿಕಿರಿ.

ಕ್ಯಾಮೆರಾ ಎರಡೋ ಮೂರೋ ಇದ್ದರೆ ಕೈಯಿಂದಲೇ ಐಪಿ ಹಾಕಿಬಿಡಿ. ಅದಕ್ಕೆ ಮೊದಲು ಮನೆ ರೂಟರ್‌ನ ಡಿಎಚ್‌ಸಿಪಿ ಸಾಲನ್ನು 100ರಿಂದ 200ರವರೆಗೆ ಮಾತ್ರ ಇರುವಂತೆ ಮಾಡಿ, ಕ್ಯಾಮೆರಾಗಳಿಗೆ 240ರ ಮೇಲಿನವನ್ನು ಕೊಡಿ. ಇಲ್ಲದಿದ್ದರೆ ಯಾವತ್ತೋ ಒಂದು ದಿನ ಅತಿಥಿಯ ಫೋನ್‌ಗೂ ಕ್ಯಾಮೆರಾಕ್ಕೂ ಒಂದೇ ನಂಬರ್ ಬಿದ್ದು ಎರಡೂ ಒದ್ದಾಡುತ್ತವೆ.

ಮುಂದೆ ಯಾವಾಗಲಾದರೂ ನೆಲ ಅಗೆಯುವ ಕೆಲಸ ಬಂದರೆ ಫೈಬರ್ ಎಳೆಸಿ ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲ್‌ಗೆ ಜೋಡಿಸುವ ಡಬ್ಬಿ) ಇಡಿ. ಮಾಮೂಲಿ ಲ್ಯಾನ್ ಕೇಬಲ್ 100 ಮೀಟರ್‌ಗೆ ಮುಗಿಯಿತು, ನಿಮ್ಮ ದೂರಕ್ಕೆ ಸಾಲದು. ಜೊತೆಗೆ ತಾಮ್ರದ ತಂತಿ ಸಿಡಿಲಿನ ಪೆಟ್ಟನ್ನು ಮನೆಯೊಳಕ್ಕೆ ತರುತ್ತದೆ, ಫೈಬರ್ ತರುವುದಿಲ್ಲ. ಬಯಲು ತೋಟದಲ್ಲಿ ಅದು ಸಣ್ಣ ಮಾತಲ್ಲ. ಏನೇ ಮಾಡಿದರೂ ದ್ರಾಕ್ಷಿ ಶೆಡ್‌ಗೆ ಬರುವ ಮೊದಲು ಮುಗಿಸಿಕೊಳ್ಳಿ. ವರ್ಷದ ದುಡಿಮೆ ಅಲ್ಲಿ ಬಲೆಯ ಮೇಲೆ ಹರಡಿರುವಾಗ ಕ್ಯಾಮೆರಾ ಕುರುಡಾಗಿರಬಾರದು.

ಪ್ರಶ್ನೆ: ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರನ್ನು ವೈಫೈ ಕೊಡುವ ಆಕ್ಸೆಸ್ ಪಾಯಿಂಟ್ ಮಾಡಿದ್ದೇನೆ. ರೂಮಿನ ರೂಟರ್‌ನಿಂದ ಪೈಗೆ ಕೇಬಲ್, ಪೈನಿಂದ ವೈಫೈ, ಎರಡನ್ನೂ ಬಿಆರ್0 ಎಂಬ ಬ್ರಿಡ್ಜ್‌ನಲ್ಲಿ ಸೇರಿಸಿದ್ದೇನೆ. ಮೊದಲ ವಾರ ಚೆನ್ನಾಗಿತ್ತು. ಪ್ರಾಜೆಕ್ಟ್‌ಗಾಗಿ ಡಾಕರ್ ಎಂಬ ಸಾಫ್ಟ್‌ವೇರ್ ಹಾಕಿದ ಮೇಲೆ ಫೋನ್ "ಐಪಿ ಅಡ್ರೆಸ್ ಪಡೆಯಲಾಗುತ್ತಿದೆ" ಅಂತ ನಿಂತುಬಿಡುತ್ತದೆ. ಪಾಸ್‌ವರ್ಡ್ ಸರಿ ಇದೆ ಸರ್.

ಉತ್ತರ: ಯಾವಾಗಿನಿಂದ ಕೆಟ್ಟಿತು ಅಂತ ಬರೆದದ್ದು ಒಳ್ಳೆಯದಾಯಿತು ತಮ್ಮಾ, ಹುಡುಕಾಟ ಅರ್ಧ ಕಡಿಮೆಯಾಯಿತು. ಡಾಕರ್ ಶುರುವಾದಾಗ ಲಿನಕ್ಸ್ ಫೈರ್‌ವಾಲ್‌ನ ಫಾರ್ವರ್ಡ್ ನಿಯಮವನ್ನು ಡ್ರಾಪ್‌ಗೆ, ಅಂದರೆ ದಾಟಿಹೋಗುವುದನ್ನು ಬಿಸಾಡುವುದಕ್ಕೆ, ಹಾಕುತ್ತದೆ. ಬ್ರಿಡ್ಜ್ ಒಳಗಿನ ಪ್ಯಾಕೆಟ್‌ಗಳು ಫೈರ್‌ವಾಲ್‌ಗೆ ಹೋಗಬಾರದಲ್ವಾ ಅಂತ ನಿನಗೆ ಅನ್ನಿಸಬಹುದು. ಬಿಆರ್-ನೆಟ್‌ಫಿಲ್ಟರ್ ಎಂಬ ಮಾಡ್ಯೂಲ್ ಲೋಡ್ ಆಗಿದ್ದರೆ ಹೋಗುತ್ತವೆ. ವೈಫೈಯಿಂದ ಬಂದ ಡಿಸ್ಕವರ್ ಕೇಬಲ್‌ಗೆ ದಾಟುವ ಮೊದಲೇ ಅಲ್ಲಿ ಬೀಳುತ್ತದೆ.

ಖಚಿತ ಮಾಡಿಕೊಳ್ಳಲು ಟಿಸಿಪಿಡಂಪ್ (ಇದೂ ವೈರ್‌ಶಾರ್ಕ್‌ನಂತೆ ಪ್ಯಾಕೆಟ್ ತೋರಿಸುತ್ತದೆ) ಅನ್ನು ಪೋರ್ಟ್ 67, 68ಕ್ಕೆ ಇಟ್ಟು ಮೊದಲು ವೈಫೈ ಇಂಟರ್‌ಫೇಸ್‌ನಲ್ಲಿ, ಆಮೇಲೆ ಕೇಬಲ್ ಇಂಟರ್‌ಫೇಸ್‌ನಲ್ಲಿ ನೋಡು. ಮೊದಲನೆಯದರಲ್ಲಿ ಡಿಸ್ಕವರ್ ಕಂಡು ಎರಡನೆಯದರಲ್ಲಿ ಕಾಣದಿದ್ದರೆ ಇದೇ ಕಾರಣ. ಡಾಕರ್‌ನವರೇ ನಮ್ಮ ನಿಯಮಗಳಿಗೆ ಅಂತ ಡಾಕರ್-ಯೂಸರ್ ಎಂಬ ಚೈನ್ ಬಿಟ್ಟಿದ್ದಾರೆ. ಅದರಲ್ಲಿ ಬಿಆರ್0ಯಿಂದ ಒಳಬಂದು ಬಿಆರ್0ಯಿಂದಲೇ ಹೊರಹೋಗುವುದನ್ನು ಅಕ್ಸೆಪ್ಟ್ ಮಾಡು. ಫೈರ್‌ವಾಲ್ ಪೂರ್ತಿ ಆರಿಸು ಅಂತ ಯಾರಾದರೂ ಹೇಳಿದರೆ ಕೇಳಬೇಡ.

ಇನ್ನು ಎರಡು ವಿಷಯ ನೋಡಿಕೋ. ಐಪಿ ಅಡ್ರೆಸ್ ಬಿಆರ್0 ಮೇಲೆ ಮಾತ್ರ ಇರಬೇಕು, ಅದರೊಳಗೆ ಸೇರಿಸಿದ ಕೇಬಲ್ ಅಥವಾ ವೈಫೈ ಇಂಟರ್‌ಫೇಸ್ ಮೇಲೆ ಇರಬಾರದು. ಮತ್ತೆ, ಯಾವುದೋ ವಿಡಿಯೊ ನೋಡಿ ಅಡ್ರೆಸ್ ಹಂಚಬಲ್ಲ ಡಿಎನ್‌ಎಸ್‌ಮಾಸ್ಕ್ ಎಂಬ ಸಾಫ್ಟ್‌ವೇರ್ ಹಾಕಿದ್ದರೆ ಅದರ ಡಿಎಚ್‌ಸಿಪಿ ನಿಲ್ಲಿಸು. ಬ್ರಿಡ್ಜ್‌ನಲ್ಲಿ ಅಡ್ರೆಸ್ ಕೊಡುವುದು ರೂಮಿನ ರೂಟರ್, ಪೈ ಅಲ್ಲ. ಪೈ ಆನ್ ಆದ ಮೊದಲ ಅರ್ಧ ನಿಮಿಷ ಮಾತ್ರ ಅಡ್ರೆಸ್ ಸಿಗದೆ ಆಮೇಲೆ ಸರಿಹೋದರೆ ಅದು ಬೇರೆ ಕಥೆ. ಬ್ರಿಡ್ಜ್‌ನಲ್ಲಿ ಎಸ್‌ಟಿಪಿ (ಪ್ಯಾಕೆಟ್ ಸುತ್ತು ಬೀಳದಂತೆ ತಡೆಯುವ ವ್ಯವಸ್ಥೆ) ಆನ್ ಇದ್ದರೆ ಪೋರ್ಟ್ ತೆರೆಯುವ ಮೊದಲು 15 ಸೆಕೆಂಡ್ ಕೇಳುತ್ತದೆ, 15 ಸೆಕೆಂಡ್ ಕಲಿಯುತ್ತದೆ. ನಿನ್ನಲ್ಲಿ ಇರುವುದು ಒಂದೇ ದಾರಿ, ಸುತ್ತು ಬೀಳುವ ಭಯ ಇಲ್ಲ, ಆರಿಸಬಹುದು.

ಕೇಬಲ್ ತೆಗೆದು ಪೈ ಅನ್ನು ರೂಟರ್‌ಗೆ ವೈಫೈಯಲ್ಲೇ ಜೋಡಿಸಿ ಬ್ರಿಡ್ಜ್ ಮಾಡೋಣ ಅಂತ ಮುಂದೆ ಅನ್ನಿಸಿದರೆ, ಮೇಲೆ ತಿಕೋಟಾದವರಿಗೆ ಬರೆದ ಮೂರು ಅಡ್ರೆಸ್‌ನ ಮಾತು ಓದು. ಲಿನಕ್ಸ್ ಆ ಜೋಡಣೆಯನ್ನು ಬಾಗಿಲಲ್ಲೇ ತಡೆಯುತ್ತದೆ.

ಪ್ರಶ್ನೆ: ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆ. ಕೆಳಗೆ ಕಂಪನಿಯ ರೂಟರ್, ಮೇಲಿನ ಮಹಡಿಗೆ ಕೇಬಲ್ ಎಳೆದು ಹಳೇ ರೂಟರ್ ಇಟ್ಟಿದ್ದೇವೆ. ಒಮ್ಮೊಮ್ಮೆ ಕೆಳಗಿನ ಫೋನ್‌ಗಳಿಗೂ ನೆಟ್ ಹೋಗುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಕೆಲವು ಸಲ ಬರುತ್ತದೆ, ಕೆಲವು ಸಲ ಇಲ್ಲ.

ಉತ್ತರ: ನಿಮ್ಮ ಮನೆಯಲ್ಲಿ ಅಡ್ರೆಸ್ ಕೊಡುವವರು ಇಬ್ಬರಾಗಿದ್ದಾರೆ. ಫೋನ್ ಕೂಗಿದಾಗ ಯಾರು ಮೊದಲು ಓಗೊಡುತ್ತಾರೋ ಅವರದ್ದೇ ಗೇಟ್‌ವೇ. ಕೆಳಗಿನ ರೂಟರ್ ಮೊದಲಾದರೆ ನೆಟ್ ಬರುತ್ತದೆ, ಮೇಲಿನದ್ದು ಮೊದಲಾದರೆ ಇಲ್ಲ. ನೆಟ್ ಹೋದಾಗ ಫೋನ್‌ನ ವೈಫೈ ವಿವರದಲ್ಲಿ ಗೇಟ್‌ವೇ ನೋಡಿ, ಮೇಲಿನ ರೂಟರ್‌ನ ನಂಬರ್ ಇರುತ್ತದೆ.

ಮೇಲಿನ ರೂಟರ್‌ಗೆ ಲ್ಯಾಪ್‌ಟಾಪನ್ನು ಕೇಬಲ್‌ನಲ್ಲಿ ಜೋಡಿಸಿ, ಕೆಳಗಿನಿಂದ ಬಂದ ಕೇಬಲನ್ನು ಆಗ ತೆಗೆದಿಡಿ. ಮೊದಲು ಅದರ ಲ್ಯಾನ್ ಐಪಿಯನ್ನು ಕೆಳಗಿನದರ ಸಾಲಿಗೆ ತನ್ನಿ. ಕೆಳಗಿನದು 192.168.1.1 ಆಗಿದ್ದರೆ ಇದಕ್ಕೆ 192.168.1.2. ಅದು ಸೇವ್ ಆಗಿ ಹೊಸ ನಂಬರ್‌ನಲ್ಲಿ ಪೇಜ್ ತೆರೆದ ಮೇಲೆ ಡಿಎಚ್‌ಸಿಪಿ ಆಫ್ ಮಾಡಿ. ಉಲ್ಟಾ ಮಾಡಿದರೆ ರೂಟರ್ ಪೇಜ್ ತಕ್ಷಣಕ್ಕೆ ಸಿಗದೆ ರೀಸೆಟ್ ಮಾಡುವ ಪಾಡು ಬರುತ್ತದೆ. ಆಮೇಲೆ ಕೆಳಗಿನ ಕೇಬಲನ್ನು ಲ್ಯಾನ್ ಪೋರ್ಟ್‌ಗೆ ಚುಚ್ಚಿ, ವ್ಯಾನ್ ಪೋರ್ಟ್ ಖಾಲಿ ಬಿಡಿ. ಕೆಳಗಿನ ರೂಟರ್ ಕೂಡ 192.168.1.2ನ್ನು ಬೇರೆ ಯಾರಿಗೂ ಹಂಚದಂತೆ ಅದರ ಸಾಲನ್ನು 10ರಿಂದ ಶುರು ಮಾಡಿ.

ವ್ಯಾನ್ ಪೋರ್ಟ್ ಮೇಲೆ ಒಂದು ತುಂಡು ಟೇಪ್ ಅಂಟಿಸಿ. ಮುಂದಿನ ಸಲ ಮನೆ ಸುಣ್ಣ ಬಳಿಯುವಾಗ ಕೇಬಲ್ ಬಿಚ್ಚಿದವರು ಅಲ್ಲಿಗೇ ಚುಚ್ಚುತ್ತಾರೆ.