ಪರದೇಶವೆಂದೇ ತಿಳಿದು ಬನ್ನಿ

ಪ್ರಿಯ ಸಹೋದರರೇ,

ಮಸ್ಕಿಯಿಂದ ನೀವು ಬರೆದದ್ದು ತಲುಪಿತು. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಕಾಳಿನ ಬಣ್ಣ ನೋಡಿ ಅಕ್ಕಿ ಆರಿಸುವ ಸಾರ್ಟೆಕ್ಸ್ ಯಂತ್ರ ನೋಡಿಕೊಳ್ಳುತ್ತ ತಿಂಗಳಿಗೆ 35,000 ರೂಪಾಯಿ ಪಡೆಯುತ್ತಿರುವ ನಿಮಗೆ ನೇಪಾಳದ ಭೈರಹವಾ ಕಡೆಯ ಗಿರಣಿಯೊಂದರಿಂದ 70,000 ರೂಪಾಯಿಯ ಕರೆ ಬಂದಿದೆ. ವೀಸಾ ಬೇಡ, ಗಡಿ ತೆರೆದೇ ಇದೆ, ಅದು ಹೊರದೇಶವೇ ಅಲ್ಲ ಎಂದು ಕೆಲಸ ಕೊಡಿಸುವ ಮಧ್ಯವರ್ತಿಗಳು ನಿಮಗೆ ಹೇಳಿದ್ದಾರೆ. ಮನೆಯವರನ್ನೂ ಎರಡನೆಯ ತರಗತಿಯ ಮಗಳನ್ನೂ ಕರೆತರಬಹುದೇ, ಊಟ ಮತ್ತು ಭಾಷೆ ಹೇಗೆ, ನಮ್ಮ ಕಡೆಯವರು ಯಾರಾದರೂ ಅಲ್ಲಿ ಇದ್ದಾರೆಯೇ ಎಂದು ಕೇಳಿದ್ದೀರಿ. ನಾನು ಗಂಗಾವತಿಯವನು. 2013ರಲ್ಲಿ ಇದೇ ಕಸುಬು ಹಿಡಿದು ಇದೇ ಊರಿಗೆ ಬಂದು ಇಲ್ಲಿಯೇ ನೆಲೆ ನಿಂತವನು. ಆ ಮಧ್ಯವರ್ತಿಗಳು ಹೇಳಿದ ಕೊನೆಯ ಮಾತೊಂದನ್ನು ಬಿಟ್ಟರೆ ಉಳಿದವೆಲ್ಲ ಹೆಚ್ಚುಕಡಿಮೆ ನಿಜ. ಆದರೆ ಆ ಕೊನೆಯ ಮಾತನ್ನು ನಂಬಿ ಬಂದವರೇ ಇಲ್ಲಿ ಹೆಚ್ಚು ನೋಯುತ್ತಾರೆ. ನಾನೂ ಹಾಗೆ ನಂಬಿಯೇ ಬಂದಿದ್ದೆ.

ಮೊದಲು ಸಂಬಳದ ಮಾತು. ನನಗೆ ಅಂದು 45,000 ಎಂದು ಹೇಳಿದ್ದರು. ಊರಿನಲ್ಲಿ ನನಗೆ ಸಿಗುತ್ತಿದ್ದದ್ದು 24,000. ಮೊದಲ ತಿಂಗಳು ಮುಗಿದಾಗ ಗಿರಣಿಯ ಮುನೀಮರು ಆನೆಯ ಚಿತ್ರವಿರುವ ಸಾವಿರದ ನೋಟುಗಳನ್ನು ನಲವತ್ತೈದು ಎಣಿಸಿ ನನ್ನ ಕೈಗಿಟ್ಟರು. ನಾನು ಅವನ್ನು ಹಿಡಿದುಕೊಂಡು, ಇದು ನಮ್ಮ ದುಡ್ಡಿನಲ್ಲಿ ಎಷ್ಟಾಗುತ್ತದೆ ಎಂದು ಕೇಳಿದೆ. ಅವರು ಲೆಕ್ಕದ ಯಂತ್ರದ ಗುಂಡಿ ಒತ್ತಿ 28,125 ಎಂದು ತೋರಿಸಿದರು. ನನಗೆ ಯಾರೂ ಸುಳ್ಳು ಹೇಳಿರಲಿಲ್ಲ. ಯಾವ ರೂಪಾಯಿ ಎಂದು ನಾನು ಕೇಳಿರಲಿಲ್ಲ, ಅಷ್ಟೆ. ನಮ್ಮ 100 ರೂಪಾಯಿಗೆ ಇಲ್ಲಿನ 160 ರೂಪಾಯಿ. 1993ರಿಂದ ಈ ದರ ಕದಲಿಲ್ಲ. ಇಲ್ಲಿನ ಪೇಟೆಯಲ್ಲಿ ನಮ್ಮ ಹಣಕ್ಕೆ ಐಸಿ ಎಂದೂ ಇಲ್ಲಿನ ಹಣಕ್ಕೆ ಎನ್‌ಸಿ ಎಂದೂ ಹೇಳುತ್ತಾರೆ, ಭಾರು ಮತ್ತು ನೇರು ಎನ್ನುವುದೂ ಉಂಟು. ಬೆಲೆ ಕೇಳುವಾಗಲೂ ಸಂಬಳ ಮಾತನಾಡುವಾಗಲೂ ಈ ಎರಡಕ್ಷರವನ್ನು ಬಾಯಿಬಿಟ್ಟು ಕೇಳಲೇಬೇಕು. ನಿಮಗೆ ಹೇಳಿರುವ 70,000 ಎನ್‌ಸಿ ಆಗಿದ್ದರೆ, ಹಾಗಿರುವ ಸಾಧ್ಯತೆಯೇ ಹೆಚ್ಚು, ಅದು ನಮ್ಮ 43,750 ರೂಪಾಯಿ. ಅಂದರೆ ನೀವು ಮನೆಮಠ ಬಿಟ್ಟು ಬರುತ್ತಿರುವುದು ಇಮ್ಮಡಿ ಸಂಬಳಕ್ಕಲ್ಲ, 8,750 ರೂಪಾಯಿಯ ಹೆಚ್ಚಳಕ್ಕೆ. ಇರಲು ಕೋಣೆ, ಎರಡು ಹೊತ್ತಿನ ಊಟ, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಖರ್ಚು ಇವುಗಳನ್ನು ಗಿರಣಿಯವರು ಕೊಡದಿದ್ದರೆ ಆ ಹೆಚ್ಚಳ ಬಾಡಿಗೆಯಲ್ಲಿಯೇ ಕರಗುತ್ತದೆ, ಅಂಥ ಕರೆಗೆ ನೀವು ಬರುವುದು ಬೇಡ ಎಂಬುದು ನನ್ನ ಸ್ಪಷ್ಟವಾದ ಅಭಿಪ್ರಾಯ. ಕೊಡುವುದಾದರೆ ಯೋಚಿಸಬಹುದು. ಇಲ್ಲಿನ ಕಾರ್ಮಿಕ ಕಾಯ್ದೆಯ ಪ್ರಕಾರ ವರ್ಷಕ್ಕೊಮ್ಮೆ ಹಬ್ಬದ ಭತ್ಯೆಯಾಗಿ ಒಂದು ತಿಂಗಳ ಮೂಲ ಸಂಬಳ ಸಲ್ಲಬೇಕು, ಅದನ್ನು ದಸೈಂ ಖರ್ಚು ಎನ್ನುತ್ತಾರೆ. ಅದೂ ನಿಮಗೆ ಇದೆಯೇ ಎಂದು ಕೇಳಿಕೊಳ್ಳಿ.

ತಿಂಗಳು ಎಂದರೆ ಯಾವ ತಿಂಗಳು ಎಂಬುದನ್ನೂ ತಿಳಿದಿರಬೇಕು. ಇಲ್ಲಿ ಕಚೇರಿ, ಬ್ಯಾಂಕು, ಶಾಲೆ, ಸಂಬಳ ಎಲ್ಲವೂ ವಿಕ್ರಮ ಸಂವತ್ ಎಂಬ ಪಂಚಾಂಗದ ಲೆಕ್ಕದಲ್ಲಿ ನಡೆಯುತ್ತವೆ. ನಾನು ಬಂದದ್ದು ನಮ್ಮ 2013ರ ಏಪ್ರಿಲ್ ಕೊನೆಗೆ, ಇಲ್ಲಿನವರಿಗೆ ಅದು 2070ರ ವೈಶಾಖ. ಏಪ್ರಿಲ್ ನಡುವಿನಲ್ಲಿ ವರ್ಷ ಬದಲಾಗುತ್ತದೆ. ಒಂದು ತಿಂಗಳಿಗೆ 32 ದಿನ ಇರುವುದೂ ಉಂಟು, ಇನ್ನೊಂದಕ್ಕೆ 29 ಇರುವುದೂ ಉಂಟು, ಸಂಬಳ ಮಾತ್ರ ಒಂದೇ. ನೀವು ಊರಿನ ಸಾಲದ ಕಂತನ್ನು ಇಂಗ್ಲಿಷ್ ತಿಂಗಳ ಐದನೆಯ ತಾರೀಖಿಗೆ ಕಟ್ಟುವವರಾಗಿದ್ದರೆ ಈ ಎರಡು ಲೆಕ್ಕಗಳು ಒಂದಕ್ಕೊಂದು ಕೂಡಿಬರುವುದಿಲ್ಲ, ಆದ್ದರಿಂದ ಒಂದು ಕಂತಿನಷ್ಟು ಹಣವನ್ನು ಊರಿನ ಖಾತೆಯಲ್ಲಿ ಮೊದಲೇ ಇಟ್ಟು ಬನ್ನಿ. ವಾರದ ರಜೆ ಇಲ್ಲಿ ಶನಿವಾರ. ನಮ್ಮ ಗಿರಣಿಯಲ್ಲಿ ಭಾನುವಾರ ಬೆಳಿಗ್ಗೆಯೇ ಭತ್ತ ಇಳಿಯಲು ಶುರುವಾಗುತ್ತದೆ. ಊರಿನಲ್ಲಿ ಭಾನುವಾರ ಇಟ್ಟುಕೊಳ್ಳುವ ಮದುವೆ, ಕುಬುಸಗಳಿಗೆ ವಿಡಿಯೊ ಕರೆಯಲ್ಲಿ ಮುಖ ತೋರಿಸುವುದು ಕೂಡ ನನ್ನಿಂದ ಎಷ್ಟೋ ಸಲ ಆಗಿಲ್ಲ.

ಕಾಗದಪತ್ರಗಳ ವಿಷಯ. 1950ರ ಜುಲೈ 31ರಂದು ಆದ ಭಾರತ–ನೇಪಾಳ ಶಾಂತಿ ಮತ್ತು ಸ್ನೇಹ ಒಪ್ಪಂದದಿಂದಾಗಿ ನಮಗೆ ವೀಸಾ ಬೇಕಿಲ್ಲ, ನಿಜ. ಹಾಗೆಂದು ಆಧಾರ್ ಕಾರ್ಡ್ ಒಂದನ್ನೇ ಜೇಬಿನಲ್ಲಿಟ್ಟುಕೊಂಡು ಹೊರಡಬೇಡಿ. ನಿಮ್ಮ ವಯಸ್ಸಿನವರು ವಿಮಾನದಲ್ಲಿ ಬರುವುದಾದರೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಲೇಬೇಕು, ಆಧಾರ್ ನಡೆಯುವುದಿಲ್ಲ. ರಸ್ತೆಯಲ್ಲಿ ಬರುವವರನ್ನು ಎಲ್ಲ ದಿನವೂ ತಡೆಯುವುದಿಲ್ಲ, ಆದರೆ ತಡೆದ ದಿನ ಕೇಳುವುದು ಈ ಎರಡನ್ನೇ. ಬದುಕು ಕಟ್ಟಿಕೊಳ್ಳಲು ಬರುವವರು ಪಾಸ್‌ಪೋರ್ಟ್ ಮಾಡಿಸಿಕೊಂಡೇ ಬರುವುದು ಒಳ್ಳೆಯದು. ಸಿಮ್ ಕೊಳ್ಳಲು, ಬ್ಯಾಂಕ್ ಖಾತೆ ತೆರೆಯಲು, ಸಂಬಳಕ್ಕೆ ಬೇಕಾದ ಇಲ್ಲಿನ ಪ್ಯಾನ್ ಸಂಖ್ಯೆ ಪಡೆಯಲು ಅದನ್ನು ತೋರಿಸಿದರೆ ಎದುರು ಪ್ರಶ್ನೆ ಇರುವುದಿಲ್ಲ. ಕಠ್ಮಂಡುವಿನ ಲೈನ್‌ಚೌರ್‌ನಲ್ಲಿರುವ ನಮ್ಮ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಿ. ನಿಮ್ಮ ನೇಮಕದ ಬಗ್ಗೆ ಇಲ್ಲಿನ ಕಾರ್ಮಿಕ ಕಚೇರಿಯಲ್ಲಿ ಆಗಬೇಕಾದದ್ದನ್ನು ಗಿರಣಿಯ ಮಾಲೀಕರೇ ಮಾಡಿಸಿಕೊಡಬೇಕು, ಬರುವ ಮುನ್ನವೇ ಅದನ್ನು ಅವರ ಬಾಯಿಂದ ಕೇಳಿ. ಮೋಟಾರ್ ಸೈಕಲ್ ತರುವ ಆಸೆ ಬಿಡಿ, ನಮ್ಮ ನಂಬರಿನ ಗಾಡಿಗೆ ಇಲ್ಲಿ ದಿನದ ಲೆಕ್ಕದಲ್ಲಿ ಭನ್ಸಾರ್, ಎಂದರೆ ಸುಂಕ ಕಟ್ಟಬೇಕು. ಮುಂದೊಂದು ದಿನ ಒಂದು ಜಾಗ ಕೊಳ್ಳೋಣ ಎಂಬ ಯೋಚನೆಯೂ ಬೇಡ, ಇಲ್ಲಿನ ಕಾನೂನು ಹೊರದೇಶದವರಿಗೆ ಭೂಮಿ ಕೊಡುವುದಿಲ್ಲ.

ಕೈಯಲ್ಲಿ ತರುವ ಹಣ ನೂರರ ಮತ್ತು ಅದಕ್ಕಿಂತ ಚಿಕ್ಕ ನೋಟುಗಳಲ್ಲಿರಲಿ. ದೊಡ್ಡ ನೋಟುಗಳ ಮೇಲಿನ ನಿಯಮ 2018ರಿಂದ ಈಚೆಗೆ ಬಿಗಿಯಾಗುವುದು, ಸಡಿಲವಾಗುವುದು ನಡೆದೇ ಇದೆ, ನೂರರ ನೋಟಿಗೆ ಮಾತ್ರ ಯಾವ ಕಾಲದಲ್ಲೂ ತಕರಾರು ಬಂದಿಲ್ಲ. 2024ರಿಂದ ಇಲ್ಲಿನ ಅಂಗಡಿಗಳ ಫೋನ್‌ಪೇ ಕ್ಯೂಆರ್ ಫಲಕಕ್ಕೆ ನಮ್ಮ ಯುಪಿಐನಿಂದ ಹಣ ಕೊಡಬಹುದಾಗಿದೆ. ಆ ಫೋನ್‌ಪೇ ನೇಪಾಳದ್ದು, ನಮ್ಮಲ್ಲಿ ಬಳಸುವುದು ಬೇರೆ, ಹೆಸರು ಕೇಳಿ ಎರಡೂ ಒಂದೇ ಎಂದುಕೊಳ್ಳಬೇಡಿ. ಊರಿನ ಸಿಮ್ಮನ್ನು ಸಾಯಲು ಬಿಡಬೇಡಿ, ರೀಚಾರ್ಜ್ ಮಾಡಿಸುತ್ತಲೇ ಇರಿ. ಬ್ಯಾಂಕಿನ ಒಟಿಪಿ ಅದಕ್ಕೇ ಬರುತ್ತದೆ.

ಇಷ್ಟು ಹೇಳಿದ ಮೇಲೆ, ಹಣಕ್ಕಿಂತ ನನಗೆ ದೊಡ್ಡದೆನಿಸುವ ಮಾತಿಗೆ ಬರುತ್ತೇನೆ. ಗಂಗಾವತಿಯಲ್ಲಿ ನಮ್ಮ ಓಣಿಯಲ್ಲಿ ರಾತ್ರಿ ಸೀಟಿ ಊದುತ್ತ ಬರುತ್ತಿದ್ದ ಕಾವಲುಗಾರನನ್ನು ನಾವೆಲ್ಲ ಬಹಾದ್ದೂರ್ ಎಂದೇ ಕೂಗುತ್ತಿದ್ದೆವು. ಹುಡುಗರೂ ಹಾಗೆಯೇ ಕೂಗುತ್ತಿದ್ದರು, ಆತನಿಗೆ ಬೇರೊಂದು ಹೆಸರಿರಬಹುದು ಎಂದು ನಮಗೆ ಹೊಳೆದೇ ಇರಲಿಲ್ಲ. ಅದೇ ಮನಸ್ಸನ್ನು ಹೊತ್ತು ನಾನು ಇಲ್ಲಿಗೆ ಬಂದೆ. ನೇಪಾಳಿಯಲ್ಲಿ ‘ತಂ’ ಎಂದರೆ ತೀರ ಕೆಳಗಿಟ್ಟು ಮಾತನಾಡುವ ನೀನು, ‘ತಿಮಿ’ ಎಂದರೆ ಸಲಿಗೆಯ ನೀನು, ‘ತಪಾಯಿಂ’ ಎಂದರೆ ನೀವು, ‘ಹಜುರ್’ ಎಂದರೆ ತಾವು. ಬಂದ ಹೊಸತರಲ್ಲಿ ಮೇಸ್ತ್ರಿಯ ಬಾಯಿಂದ ಕೇಳಿದ ಮೊದಲನೆಯದನ್ನೇ ಭಾಷೆಯೆಂದು ತಿಳಿದು, ಉಮಿಯ ಬುಟ್ಟಿ ಹೊತ್ತು ಹೋಗುತ್ತಿದ್ದ, ನನ್ನ ತಂದೆಯ ವಯಸ್ಸಿನ ಒಬ್ಬರನ್ನು ಹಾಗೆ ಕರೆದುಬಿಟ್ಟೆ. ಅವರು ನಿಂತರು. ಬುಟ್ಟಿಯನ್ನು ಕೆಳಗಿಳಿಸಿ, ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಮುಖದ ಧೂಳು ಒರೆಸಿಕೊಂಡು, ನನಗೂ ಅರ್ಥವಾಗಲಿ ಎಂದು ಹಿಂದಿಯಲ್ಲಿ, ‘ನನ್ನನ್ನು ತಪಾಯಿಂ ಎನ್ನಿ’ ಎಂದು ಮೆಲ್ಲಗೆ ಹೇಳಿ, ಮತ್ತೆ ಬುಟ್ಟಿ ಹೊತ್ತು ನಡೆದರು. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ. ಮರುದಿನ ಅವರಲ್ಲಿಗೇ ಹೋಗಿ, ನನಗೆ ನಿಮ್ಮ ಮಾತು ಕಲಿಸಿ ಎಂದು ಕೇಳಿಕೊಂಡೆ. ನುಚ್ಚಿಗೆ ಕನಿಕಾ, ತೌಡಿಗೆ ಢುಟೋ, ಕುಚ್ಚಲಕ್ಕಿಗೆ ಉಸಿನಾ, ಬೆಳ್ತಿಗೆಗೆ ಅರ್ವಾ ಎಂದು ಒಂದೊಂದಾಗಿ ಹೇಳಿಕೊಟ್ಟವರು ಅವರೇ. ಹಿಂದಿ ಇಲ್ಲಿ ಎಲ್ಲರಿಗೂ ತಿಳಿಯುತ್ತದೆ, ಗಡಿಯ ಹಳ್ಳಿಗಳಲ್ಲಿ ಅವಧಿ, ಭೋಜಪುರಿ ನಡೆಯುತ್ತವೆ, ಹಿಂದಿಯಿಂದ ಕೆಲಸ ಸಾಗುತ್ತದೆ. ಆದರೆ ಅವರ ದೇಶದಲ್ಲಿ ಅವರ ನುಡಿ ಕಲಿಯದೆ ಹತ್ತು ವರ್ಷ ಹಿಂದಿಯಲ್ಲೇ ಕಳೆದವರನ್ನು ಇಲ್ಲಿನವರು ಮನೆಯ ಜಗುಲಿಯವರೆಗೆ ಮಾತ್ರ ಬಿಟ್ಟುಕೊಳ್ಳುತ್ತಾರೆ. ದೊಡ್ಡವರಿಗೆ ದಾಯಿ, ದೀದಿ, ಚಿಕ್ಕವರಿಗೆ ಭಾಯಿ, ಬಹಿನಿ ಎಂದು ಸಂಬಂಧ ಹಚ್ಚಿ ಮಾತನಾಡಿ. ನಮ್ಮ ಕಡೆಯ ಅಣ್ಣಾ, ಅಕ್ಕಾಗಳಂತೆಯೇ ಅದು.

ಇನ್ನೊಂದು ಎಚ್ಚರಿಕೆ ಇದಕ್ಕೇ ಸೇರಿದ್ದು. 2015ರಲ್ಲಿ ಏಪ್ರಿಲ್‌ನ ಭೂಕಂಪ, ಸೆಪ್ಟೆಂಬರಿನಲ್ಲಿ ಹೊಸ ಸಂವಿಧಾನ, ಅದರ ಬೆನ್ನಿಗೇ ಗಡಿಯಲ್ಲಿ ಸಾಗಣೆ ನಿಂತು ತಿಂಗಳುಗಟ್ಟಲೆ ಇಂಧನದ ಬರ ಎಲ್ಲ ಒಂದರ ಮೇಲೊಂದು ಬಂದವು. ಅಡುಗೆ ಅನಿಲದ ಸಿಲಿಂಡರನ್ನು ಅರ್ಧ ತುಂಬಿಸಿ ಹಂಚುತ್ತಿದ್ದ ಕಾಲ ಅದು. ಆ ತಡೆಗೆ ಭಾರತವೇ ಕಾರಣವೆಂದು ಇಲ್ಲಿನ ಬಹಳ ಜನ ನಂಬಿದ್ದರು, ಈಗಲೂ ನಂಬಿದ್ದಾರೆ. ನಮ್ಮ ಸಿಲಿಂಡರು ಖಾಲಿಯಾದಾಗ ಪಕ್ಕದ ಮನೆಯ ದೀದಿ ನಮ್ಮ ಮನೆಯವರನ್ನು ಕರೆದು, ತಮ್ಮ ಕಟ್ಟಿಗೆಯ ಒಲೆಯ ಮೇಲೆ ಮೊದಲು ನಮ್ಮ ಅನ್ನ ಬೇಯಿಸಿಕೊಳ್ಳಲು ಬಿಟ್ಟು, ಆಮೇಲೆ ತಮ್ಮ ಪಾತ್ರೆ ಇಡುತ್ತಿದ್ದರು. ಚಹಾದ ಅಂಗಡಿಯಲ್ಲಿ ಯಾರಾದರೂ ಆ ಮಾತು ಎತ್ತಿದರೆ ನಾನು ವಾದ ಹೂಡುವುದಿಲ್ಲ, ನೀವೂ ಹೂಡಬೇಡಿ.

ಊಟಕ್ಕೆ ನಿಮಗೆ ಅಷ್ಟೇನೂ ತೊಂದರೆಯಾಗದು. ಎರಡು ಹೊತ್ತು ದಾಲ್-ಭಾತ್, ಪಲ್ಯ, ಉಪ್ಪಿನಕಾಯಿಯಂಥ ಅಚಾರ್. ನಮ್ಮ ಸೋನಾ ಮಸೂರಿ ಇಲ್ಲಿ ಸೋನಾ ಮನ್ಸುಲಿ ಎಂಬ ಹೆಸರಿನಲ್ಲಿ ಅಂಗಡಿ ಅಂಗಡಿಯಲ್ಲೂ ಇದೆ. ಸಾಸಿವೆ ಎಣ್ಣೆಯ ವಾಸನೆ ಮೊದಲ ತಿಂಗಳು ಹಿಡಿಸುವುದಿಲ್ಲ, ಆಮೇಲೆ ಹಿಡಿಸುತ್ತದೆ. ಕೋದೋ ಎಂದು ಇಲ್ಲಿ ಕರೆಯುವುದು ನಮ್ಮ ರಾಗಿಯನ್ನು, ಅದರ ಢಿಂಡೋ ಎಂದರೆ ನಮ್ಮ ಮುದ್ದೆಯ ತಮ್ಮನೇ. ಇಲ್ಲದಿರುವುದು ಜೋಳದ ಹಿಟ್ಟು ಒಂದೇ, ಭೈರಹವಾದಲ್ಲಿ ನಾನು ಎಲ್ಲೂ ಅದನ್ನು ಕಂಡಿಲ್ಲ. ಹವೆಯ ವಿಷಯದಲ್ಲಿ ಮಾತ್ರ ರಾಯಚೂರು, ಕೊಪ್ಪಳ ಜಿಲ್ಲೆಗಳವರು ಮೋಸ ಹೋಗುತ್ತೇವೆ. ಬಯಲುನಾಡು, ಸೆಖೆ, ನಮಗೆ ಹೊಸತೇನು ಎಂದುಕೊಂಡು ತೆಳು ಬಟ್ಟೆಯಲ್ಲಿ ಬರುತ್ತೇವೆ. ಬೇಸಿಗೆ ನಿಜವಾಗಿಯೂ ನಮಗೆ ಹೊಸತಲ್ಲ. ಪೌಷ, ಮಾಘದಲ್ಲಿ ಮಾತ್ರ ದಿನಗಟ್ಟಲೆ ಸೂರ್ಯ ಕಾಣದಂತೆ ಮಂಜು ಕವಿದು, ಹಗಲು ಹನ್ನೊಂದಕ್ಕೂ ಲಾರಿಗಳು ದೀಪ ಹಚ್ಚಿಕೊಂಡು ಬರುತ್ತವೆ. ಮಗುವಿಗೆ ಉಣ್ಣೆಯ ಟೋಪಿ, ಕಾಲುಚೀಲ, ದಪ್ಪ ರಗ್ಗು ಇಲ್ಲದಿದ್ದರೆ ಕೆಮ್ಮು ಬಿಡುವುದಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯೂ ಅದೇ ಹೊತ್ತಿಗೆ ಬರುತ್ತದೆ. ತೇರಿನ ದಿನ ಮಂಜಿನಲ್ಲಿ ಕುಳಿತು ಫೋನಿನಲ್ಲಿ ಆ ಜನಸಾಗರವನ್ನು ನೋಡುವಾಗ ನನಗೆ ಇಂದಿಗೂ ಗಂಟಲು ಕಟ್ಟುತ್ತದೆ.

ಹಬ್ಬಗಳಲ್ಲಿ ದೊಡ್ಡದು ದಸೈಂ, ನಮ್ಮ ದಸರೆಯೇ. ಮನೆಯೊಳಗೆ ಕತ್ತಲಲ್ಲಿ ಜಮರಾ ಎಂಬ ಹಳದಿ ಸಸಿ ಬೆಳೆಸುತ್ತಾರೆ, ನಮ್ಮಲ್ಲಿ ಘಟ್ಟ ಹಾಕಿ ಬೆಳೆಸುವ ಸಸಿಯಂತೆ. ವಿಜಯದಶಮಿಯಂದು ಹಿರಿಯರು ಮೊಸರು, ಅಕ್ಕಿ, ಕುಂಕುಮ ಕಲಸಿ ಹಣೆಗೆ ಹಚ್ಚಿ, ಸಸಿಯನ್ನು ತಲೆಗಿಟ್ಟು ಹರಸುತ್ತಾರೆ. ಆ ಬುಟ್ಟಿಯ ಹಿರಿಯರು ಇರುವವರೆಗೂ ನಾನು ಪ್ರತಿವರ್ಷ ಅವರ ಮುಂದೆ ತಲೆ ಬಾಗಿಸಿದ್ದೇನೆ.

ಮಗಳ ವಿಷಯದಲ್ಲಿ ನನ್ನ ಸಲಹೆ ಇದು. ಮೊದಲ ಆರು ತಿಂಗಳು ನೀವೊಬ್ಬರೇ ಬಂದು ನೋಡಿ. ಇಲ್ಲಿನ ಶಾಲೆಯ ವರ್ಷ ವೈಶಾಖದಲ್ಲಿ, ಎಂದರೆ ಏಪ್ರಿಲ್ ನಡುವಿನಿಂದ ಆರಂಭವಾಗುವುದರಿಂದ, ಊರಿನ ಪರೀಕ್ಷೆ ಮುಗಿಸಿ ವರ್ಗಾವಣೆ ಪತ್ರ ಮತ್ತು ಜನನ ಪ್ರಮಾಣಪತ್ರದೊಂದಿಗೆ ಮಗು ಬಂದರೆ ವರ್ಷ ಹಾಳಾಗುವುದಿಲ್ಲ. ಇಂಗ್ಲಿಷ್ ಮಾಧ್ಯಮದ ಶಾಲೆಗಳಿವೆ, ನೇಪಾಳಿಯನ್ನು ಮಕ್ಕಳು ನಮಗಿಂತ ಬೇಗ ಹಿಡಿಯುತ್ತಾರೆ. ಕನ್ನಡ ಮಾತ್ರ ಮನೆಯಲ್ಲಿ ನೀವು ಕಲಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನನ್ನ ಹಿರಿಯ ಮಗನಿಗೆ ನಾನು ಕೆಲಸದ ನೆಪ ಹೇಳಿ ಅಕ್ಷರ ಕಲಿಸಲಿಲ್ಲ. ಅವನು ಮಾತನಾಡುತ್ತಾನೆ, ಅಜ್ಜಿ ಬರೆದ ಕಾಗದ ಓದಲಾರ. ಆ ಕೊರಗು ನನ್ನದು.

ನಮ್ಮ ಕಡೆಯವರು ಇದ್ದಾರೆಯೇ ಎಂದಿರಿ. ಕಠ್ಮಂಡುವಿನ ಪಶುಪತಿನಾಥನ ಪೂಜೆಗೆ ಭಟ್ಟರು ಕರ್ನಾಟಕದಿಂದ ಬರುವುದು ನಿಮಗೆ ಗೊತ್ತಿರಬಹುದು. ಭೈರಹವಾದಲ್ಲಿ ಕನ್ನಡದವರು ಬೆರಳೆಣಿಕೆಯಷ್ಟು. ಆದರೆ ಮಸ್ಕಿಯವರಾದ ನಿಮಗೆ ಇಲ್ಲೊಂದು ಬಾದರಾಯಣವಲ್ಲದ, ನಿಜವಾದ ನಂಟಿದೆ. ಇಲ್ಲಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಲುಂಬಿನಿಯಲ್ಲಿ, ಮಾಯಾದೇವಿ ಗುಡಿಯ ಪಕ್ಕದಲ್ಲಿ ಅಶೋಕನ ಕಂಬ ನಿಂತಿದೆ. ಪಟ್ಟವಾದ ಇಪ್ಪತ್ತನೆಯ ವರ್ಷದಲ್ಲಿ ತಾನೇ ಬಂದು, ಬುದ್ಧ ಹುಟ್ಟಿದ ಈ ಊರಿನ ತೆರಿಗೆ ಇಳಿಸಿದ್ದಾಗಿ ಅದರಲ್ಲಿ ಐದು ಸಾಲು ಬರೆಸಿದ್ದಾನೆ. ಅಲ್ಲಿ ದೇವರಿಗೆ ಪ್ರಿಯನಾದ ಪ್ರಿಯದರ್ಶಿ ಎಂದಿದೆಯೇ ಹೊರತು ಅಶೋಕ ಎಂಬ ಹೆಸರಿಲ್ಲ. ಆ ಬಿರುದಿನ ದೊರೆ ಅಶೋಕನೇ ಎಂಬುದನ್ನು ಗಟ್ಟಿ ಮಾಡಿದ್ದು 1915ರಲ್ಲಿ ಸಿಕ್ಕ, ಅಶೋಕ ಎಂಬ ಹೆಸರನ್ನೇ ಕೆತ್ತಿರುವ ನಿಮ್ಮ ಮಸ್ಕಿಯ ಬಂಡೆ. ಮೊದಲ ಸಲ ಆ ಕಂಬದ ಬೇಲಿಯ ಬಳಿ ನಿಂತಾಗ, ಬಂದು ಮೂರು ತಿಂಗಳಾಗಿತ್ತು, ಊರಿಗೆ ಹಿಂದಿರುಗಲು ಚೀಲ ಕಟ್ಟಿಟ್ಟಿದ್ದೆ. ಕೊಪ್ಪಳದ ಗವಿಮಠದ ಗುಡ್ಡದ ಮೇಲೆ ಚಿಕ್ಕಂದಿನಲ್ಲಿ ಬೆರಳಾಡಿಸಿ ನೋಡಿದ್ದ, ಅಶೋಕನ ಕಾಲದ ಬ್ರಾಹ್ಮಿ ಅಕ್ಷರಗಳೇ ಎದುರಿಗಿದ್ದವು. ಸಂಜೆ ಕೋಣೆಗೆ ಬಂದು ಚೀಲ ಬಿಚ್ಚಿದೆ.

ಬರುವುದೇ ಆದರೆ ರಾಯಚೂರಿನಿಂದ ಸಿಕಂದರಾಬಾದು, ಅಲ್ಲಿಂದ ರೈಲಿನಲ್ಲಿ ಗೋರಖಪುರ, ಗೋರಖಪುರದಿಂದ ಸುನೌಲಿಗೆ ಮೂರು ತಾಸಿನ ಬಸ್ಸು. ಹಗಲಿನಲ್ಲಿಯೇ ಗಡಿ ದಾಟುವಂತೆ ಹೊರಡಿ. ದಾಟಿದ ಕೂಡಲೇ ಗಡಿಯಾರವನ್ನು 15 ನಿಮಿಷ ಮುಂದಕ್ಕೆ ತಿರುಗಿಸಿಕೊಳ್ಳಿ. ಈಚೆ ಬದಿಯ ಬೆಲಹಿಯಾ ದ್ವಾರದಲ್ಲಿ ನಾನು ನಿಂತಿರುತ್ತೇನೆ, ಮೊದಲ ಶನಿವಾರ ಲುಂಬಿನಿಗೆ ಕರೆದೊಯ್ಯುವುದೂ ನನ್ನ ಪಾಲಿಗಿರಲಿ. ನಮ್ಮ ಮನೆಯವರು ಎರಡು ಸೇರು ಜೋಳದ ಹಿಟ್ಟು ತರಲು ಹೇಳಿದ್ದಾರೆ. ಆದರೆ ಅದಕ್ಕೆಲ್ಲ ಮೊದಲು ಆ ಗಿರಣಿಯವರಿಂದ ಒಂದು ಕಾಗದ ತರಿಸಿಕೊಳ್ಳಿ, ಅದರಲ್ಲಿ 70,000ದ ಮುಂದೆ ಐಸಿಯೋ ಎನ್‌ಸಿಯೋ ಎಂಬುದು, ಕೋಣೆ ಮತ್ತು ಊಟ ಯಾರದು ಎಂಬುದು ಬರೆದಿರಬೇಕು. ಆ ಕಾಗದ ಕೈಗೆ ಬಂದ ಮೇಲೆ ನನಗೆ ತೋರಿಸಿ, ಟಿಕೆಟ್ ಆಮೇಲೆ ಮಾಡಿಸಿದರಾಯಿತು.